ಹಾಸ್ಪೈಸ್ ಬಂತು, ಮಾರ್ಫಿನ್ ಮಾಯವಾಯಿತು

2025ರ ಜನವರಿಯಲ್ಲಿ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಕರ್ನಾಟಕದ ಆರೋಗ್ಯ ಇಲಾಖೆ ಆದೇಶ ಹೊರಡಿಸಿತು. ಆಗಿನಿಂದ ದಯಾಮರಣ, ವೆಂಟಿಲೇಟರ್ ತೆಗೆಯುವುದು, ಹಾಸ್ಪೈಸ್ (ಗುಣವಾಗದ ರೋಗಿಗಳ ಕೊನೆಗಾಲದ ಆರೈಕೆ) ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಮಾತಾಡುವುದು ಜಾಸ್ತಿಯಾಗಿದೆ. ಆ ಆದೇಶ ಸುಪ್ರೀಂ ಕೋರ್ಟಿನ 2018 ಮತ್ತು 2023ರ ನಿರ್ದೇಶನಗಳ ಬೆನ್ನಿಗೆ ಬಂದದ್ದು. ರೋಗಿ ಚೇತರಿಸಿಕೊಳ್ಳುವ ಭರವಸೆಯೇ ಇಲ್ಲದಾಗ ಯಂತ್ರದ ಆಸರೆ ನಿಲ್ಲಿಸುವುದನ್ನು ವೈದ್ಯರ ಮಂಡಳಿ ಹೇಗೆ ತೀರ್ಮಾನಿಸಬೇಕು ಅನ್ನುವುದು ಅದರ ವಿಷಯ.

ಹಾಸ್ಪೈಸ್ ಬೇರೆಯೇ. ಅಲ್ಲಿ ಸಾವನ್ನು ಬೇಗ ತರುವುದಿಲ್ಲ, ಎಳೆದಾಡಿ ಮುಂದಕ್ಕೂ ಹಾಕುವುದಿಲ್ಲ. ನೋವು, ವಾಂತಿ, ಏದುಸಿರು, ಕೊಳೆಯುವ ಹುಣ್ಣು, ನಿದ್ದೆಗೆಟ್ಟು ಕೂತ ಮನೆಯವರು. ಇವನ್ನೆಲ್ಲ ನೋಡಿಕೊಳ್ಳುವುದೇ ಅಲ್ಲಿನ ಕೆಲಸ.

ಈಗಿನ ರೂಪದ ಹಾಸ್ಪೈಸ್ ಶುರುವಾದದ್ದು ಲಂಡನ್ನಿನಲ್ಲಿ. ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. ಸಾಯುತ್ತಿರುವವರ ನೋವಿಗಾಗಿಯೇ ಮತ್ತೆ ಓದಿ ಡಾಕ್ಟರ್ ಆದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ರೋಗಿ ಕಿರುಚುವವರೆಗೆ ಕಾಯಬೇಡಿ, ನೋವು ಮರಳುವ ಮೊದಲೇ ಹೊತ್ತು ಹೊತ್ತಿಗೆ ಔಷಧಿ ಕೊಡಿ ಅನ್ನುವುದು ಅವರ ಪಾಠ. ಆ ಔಷಧಿಗಳಲ್ಲಿ ಮುಖ್ಯವಾದದ್ದು ಅಫೀಮಿನಿಂದ ತೆಗೆಯುವ ಬಲವಾದ ನೋವುನಿವಾರಕ ಮಾರ್ಫಿನ್.

ನಮ್ಮ ಕಥೆ ಸಿಕ್ಕುಬಿದ್ದದ್ದು ಇಲ್ಲೇ. 1985ರಲ್ಲಿ ಮಾದಕ ವಸ್ತುಗಳ ತಡೆಗೆ ಕೇಂದ್ರದ ಎನ್‌ಡಿಪಿಎಸ್ ಕಾಯ್ದೆ ಬಂತು. ಮರುವರ್ಷವೇ ಮುಂಬೈಯಲ್ಲಿ ದೇಶದ ಮೊದಲ ಹಾಸ್ಪೈಸ್ ಶಾಂತಿ ಅವೇದನಾ ಶುರುವಾಯಿತು. ಕ್ಯಾನ್ಸರ್ ನೋವು ತೀವ್ರವಾದಾಗ ಮಾರ್ಫಿನ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ಅದೇ 1986ರಲ್ಲಿ. ಮಂಚ ಬಂತು, ಮದ್ದು ದೂರವಾಯಿತು.

ಕಾಯ್ದೆಯ ಕಣ್ಣು ಕಳ್ಳಸಾಗಣೆಯ ಮೇಲಿತ್ತು, ಸರಿ. ಆದರೆ ಕನಿಷ್ಠ 10 ವರ್ಷ ಜೈಲು ಅನ್ನುವ ಮಾತು ಕೇಳಿದ ಮೇಲೆ ಯಾವ ಔಷಧಿ ಅಂಗಡಿ ಮಾರ್ಫಿನ್ ಇಟ್ಟೀತು? ರಾಜ್ಯಕ್ಕೊಂದು ನಿಯಮ. ಇಟ್ಟುಕೊಳ್ಳಲು ಒಂದು ಲೈಸೆನ್ಸ್, ಸಾಗಿಸಲು ಇನ್ನೊಂದು, ಬೇರೆ ರಾಜ್ಯದಿಂದ ತರಿಸಲು ಮತ್ತೊಂದು. ಎಲ್ಲವೂ ಒಟ್ಟಿಗೆ ಚಾಲ್ತಿಯಲ್ಲಿರಬೇಕು. ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಅಬಕಾರಿ ಕಚೇರಿಗೆ ಅಲೆದು ಸಾಕಾದ ಆಸ್ಪತ್ರೆಗಳು ಮಾರ್ಫಿನ್ ತರಿಸುವುದನ್ನೇ ಬಿಟ್ಟವು. ಅದನ್ನು ಒಮ್ಮೆಯೂ ಬರೆಯದೆ ಎಷ್ಟೋ ಡಾಕ್ಟರುಗಳು ಓದು ಮುಗಿಸಿದರು. ಗೊತ್ತಿಲ್ಲದ ಔಷಧಿ ಅಂದರೆ ಭಯ ತಾನೇ? ಹೀಗೆ ಕೊಟ್ಟರೆ ಚಟ ಹತ್ತುತ್ತದೆ ಅನ್ನುವ ಅಂಜಿಕೆ ಗಟ್ಟಿಯಾಯಿತು, ಇನ್ನು ಕೆಲವೇ ವಾರ ಬದುಕುವವರ ವಿಷಯದಲ್ಲೂ! ಇದೇ ಹೊತ್ತಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಹೊಲಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುತ್ತಿತ್ತು. ಬಹುಪಾಲು ಹೊರದೇಶಗಳ ಔಷಧಿ ಕಂಪನಿಗಳಿಗೆ ಹೋಗುತ್ತಿತ್ತು.

ಕೇರಳ ಬೇರೆ ದಾರಿ ಹಿಡಿಯಿತು. 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಜೊತೆಗಾರರು ಶುರುಮಾಡಿದ ನೋವು ಶಮನದ ಕೆಲಸ, ಊರಿನ ಸ್ವಯಂಸೇವಕರ ಕೈಸೇರಿ ಮನೆ ಮನೆ ಮುಟ್ಟಿತು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದಿತು. ಬೆಂಗಳೂರಿನ ಮಾರತ್ತಹಳ್ಳಿಯ ಹತ್ತಿರ 1999ರಲ್ಲಿ ಕರುಣಾಶ್ರಯ ಬಾಗಿಲು ತೆರೆಯಿತು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ. ಅಲ್ಲಿನ ತಂಡ ಮನೆಗಳಿಗೂ ಹೋಗುತ್ತದೆ.

2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಮಾರ್ಫಿನ್‌ನಂಥ ಅಗತ್ಯ ಔಷಧಿಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ, ಮಾನ್ಯತೆ ಪಡೆದ ಆಸ್ಪತ್ರೆಗೆ ಲೈಸೆನ್ಸುಗಳ ಗೋಜಲಿಲ್ಲ. ಕಾಗದದ ಮೇಲೆ ಬೀಗ ತೆರೆದಿದೆ. ಆದರೆ ಆ ಮಾನ್ಯತೆಗೆ ಆಸ್ಪತ್ರೆಯೇ ಅರ್ಜಿ ಹಾಕಬೇಕು, ತರಬೇತಾದ ಡಾಕ್ಟರ್ ಬೇಕು. ಹಾಗಾಗಿ ದೂರದ ಜಿಲ್ಲೆಗಳಲ್ಲಿ 'ಇನ್ನು ಮನೆಗೆ ಕರ್ಕೊಂಡು ಹೋಗಿ' ಅನ್ನಿಸಿಕೊಂಡವರ ಕಡೆಯವರು ಮಾತ್ರೆಗೋಸ್ಕರ ದೊಡ್ಡ ಊರಿನ ಕ್ಯಾನ್ಸರ್ ಆಸ್ಪತ್ರೆಗೆ ಬಸ್ ಹತ್ತುವುದು ಇನ್ನೂ ನಿಂತಿಲ್ಲ.