ಸಿ ಭಾಷೆಯಲ್ಲಿ 09 ಏಕೆ 0 ಆಗುತ್ತದೆ: ಬೇಸ್ ಬಗ್ಗೆ ನನ್ನ ಟಿಪ್ಪಣಿ

ನಿನ್ನೆ ರಾತ್ರಿ ಎರಡು ತಾಸು ತಿಂದ ವಿಷಯ ಇದು, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ತಾರೀಖು ಓದುವ ಚಿಕ್ಕ ಪ್ರೋಗ್ರಾಂ. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ಗೆ, ಯಾವ ರೂಪದಲ್ಲಿ ಓದಬೇಕು ಅಂತ ಹೇಳುವ ಫಾರ್ಮ್ಯಾಟ್ ಆಗಿ "%ಐ-%ಐ-%ಐ" ಕೊಟ್ಟಿದ್ದೆ. 15-07-2024 ಸರಿಯಾಗಿ ಬಂತು. ಆಮೇಲೆ ನಮ್ಮ ಕಲಬುರಗಿಯಲ್ಲಿ ಪ್ರತಿ ವರ್ಷ ಧ್ವಜ ಹಾರಿಸುತ್ತೇವಲ್ಲ, ಹೈದರಾಬಾದ್ ನಿಜಾಮನ ಆಳ್ವಿಕೆ ಮುಗಿದ ದಿನ, ಆ 17-09-1948 ಟೈಪ್ ಮಾಡಿದೆ. ದಿನ 17 ಬಂತು. ತಿಂಗಳು 0. ವರ್ಷದಲ್ಲಿ ನಾನು ಮೊದಲೇ ಹಾಕಿಟ್ಟಿದ್ದ -1 ಹಾಗೇ ಕೂತಿತ್ತು.

ಬೆಲೆ ಬರೆದು ತೋರಿಸುವ ಪ್ರಿಂಟ್‌ಎಫ್‌ನಲ್ಲಿ %ಡಿ, %ಐ ಎರಡೂ ಒಂದೇ, ಅದಕ್ಕೇ ನಾನು ಮೋಸ ಹೋದೆ. ಸ್ಕ್ಯಾನ್‌ಎಫ್‌ನಲ್ಲಿ %ಡಿ ಯಾವಾಗಲೂ ಬೇಸ್ 10, ಅಂದರೆ ನಮ್ಮ ಮಾಮೂಲಿ ಹತ್ತರ ಎಣಿಕೆ. %ಐ ಮಾತ್ರ ಸಂಖ್ಯೆಯ ಶುರುವನ್ನು ನೋಡುತ್ತದೆ: 0ಎಕ್ಸ್ ಇದ್ದರೆ ಬೇಸ್ 16, ಬರೀ 0 ಇದ್ದರೆ ಬೇಸ್ 8, ಇಲ್ಲದಿದ್ದರೆ 10.

ಈಗ 09 ಅನ್ನು ಒಂದೊಂದೇ ಅಕ್ಷರ ಓದೋಣ, ನಾನು ನೋಟ್‌ಬುಕ್‌ನಲ್ಲಿ ಹೀಗೇ ಬರೆದುಕೊಂಡೆ. ಮೊದಲು 0 ಸಿಕ್ಕಿತು, ಹಾಗಾದರೆ ಆಕ್ಟಲ್, ಅಂದರೆ ಬೇಸ್ 8. ಆಕ್ಟಲ್‌ನಲ್ಲಿ 0ರಿಂದ 7ರವರೆಗೆ ಮಾತ್ರ ಅಂಕಿ. ಮುಂದೆ 9 ಬಂತು, ಅದು ಅಂಕಿಯೇ ಅಲ್ಲ, ಅಲ್ಲಿಗೆ ನಿಲ್ಲಿಸು. ಇಲ್ಲಿಯವರೆಗೆ ಓದಿದ್ದು 0, ಅದು ಸರಿಯಾದ ಸಂಖ್ಯೆಯೇ ಅಲ್ವಾ, ಹಾಗಾಗಿ ತಿಂಗಳಿಗೆ 0 ಹೋಯಿತು. 9 ಇನ್‌ಪುಟ್‌ನಲ್ಲೇ ಉಳಿಯಿತು. ಫಾರ್ಮ್ಯಾಟ್ ಈಗ ಅಡ್ಡಗೆರೆ ಕೇಳುತ್ತದೆ, ಎದುರಿಗಿರುವುದು 9. ಹೊಂದಲಿಲ್ಲ, ಸ್ಕ್ಯಾನ್‌ಎಫ್ 2 ಕೊಟ್ಟು ವಾಪಸ್ ಬಂತು, ಅಂದರೆ ಎರಡೇ ಬೆಲೆ ಓದಿದೆ ಅಂತ. ನಾನು ಆ 2 ನೋಡಿರಲೇ ಇಲ್ಲ!

01ರಿಂದ 07ರವರೆಗೆ ಎರಡೂ ಬೇಸ್‌ನಲ್ಲಿ ಒಂದೇ ಬೆಲೆ. 10, 11, 12ಕ್ಕೆ ಶುರುವಿನಲ್ಲಿ ಸೊನ್ನೆ ಇಲ್ಲ. ಕೆಡುವುದು ಆಗಸ್ಟ್, ಸೆಪ್ಟೆಂಬರ್ ಮಾತ್ರ, ದಿನದಲ್ಲಾದರೆ 08, 09. ಜುಲೈ ತಾರೀಖು ಹಾಕಿ ಪರೀಕ್ಷೆ ಮಾಡಿದರೆ ಸುಮ್ನೆ ಪಾಸ್ ಆಗುತ್ತದೆ. ಕೋಡ್‌ನಲ್ಲೇ 09 ಅಂತ ಬರೆದಿದ್ದರೆ ಕಂಪೈಲರ್ ತಡೆಯುತ್ತಿತ್ತು, ಇನ್‌ಪುಟ್‌ಗೆ ಆ ಕಾವಲು ಇಲ್ಲ. 010 ಕೊಟ್ಟರಂತೂ 8 ಆಗುತ್ತದೆ, ಆಗ ವಾಪಸ್ ಬಂದ ಬೆಲೆ ನೋಡಿದರೂ ತಪ್ಪು ಗೊತ್ತಾಗಲ್ಲ.

ಪರಿಹಾರ: %ಡಿ ಹಾಕಿ, ವಾಪಸ್ ಬಂದದ್ದು 3 ಇದೆಯಾ ನೋಡಿ. ನನಗೆ ಜಾಸ್ತಿ ಇಷ್ಟವಾದ ದಾರಿ, ಎಫ್‌ಗೆಟ್ಸ್‌ನಿಂದ ಸಾಲು ಪೂರ್ತಿ ಓದಿ, ಅಕ್ಷರಗಳನ್ನು ಸಂಖ್ಯೆ ಮಾಡುವ ಸ್ಟ್ರ್‌ಟೋಲ್‌ಗೆ ಕೊಡುವುದು. ಅದರ ಮೂರನೆಯ ಆರ್ಗ್ಯುಮೆಂಟ್ 10 ಇರಲಿ. 0 ಕೊಟ್ಟರೆ %ಐ ಕಥೆಯೇ ಮತ್ತೆ. ಎರಡನೆಯ ಆರ್ಗ್ಯುಮೆಂಟ್‌ನ ಪಾಯಿಂಟರ್ ಓದು ಎಲ್ಲಿ ನಿಂತಿತು ಅಂತ ತೋರಿಸುತ್ತದೆ: ತಿಂಗಳು ಓದಿದ ಮೇಲೆ ಅದು ಅಡ್ಡಗೆರೆಯ ಮೇಲೇ ನಿಂತಿರಬೇಕು.

ಕಲಬುರಗಿಯ ಎಸ್‌ಟಿಡಿ ಕೋಡ್ 08472 ಕೂಡ %ಐಗೆ 0 ಆಗುತ್ತದೆ, ಫಾರ್ಮ್ಯಾಟ್ ಮಧ್ಯೆ ಬೇರೇನೂ ಕೇಳದಿದ್ದರೆ ಉಳಿದ 8472 ಮುಂದಿನ ವೇರಿಯಬಲ್‌ಗೆ ನುಗ್ಗುತ್ತದೆ. %ಡಿ ಹಾಕಿದರೂ ಶುರುವಿನ ಸೊನ್ನೆ ಹೋಗುತ್ತದೆ, ಅದಕ್ಕೆ ಇಂಥದ್ದನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಇಟ್ಟುಕೊಳ್ಳಿ.