ಮೊದಲು ಹಾಯಿಕಂಬ, ಆಮೇಲೆ ಹಾಯಿ: ಸಣ್ಣ ಕೀಲ್ (ತಳದಲ್ಲಿ ಭಾರದ ರೆಕ್ಕೆಯಿರುವ) ದೋಣಿಯ ಟಿಪ್ಪಣಿ

ಮಳೆಗಾಲ ಕಳೆದ ಮೇಲೆ ಮಂಗಳೂರು, ಮಲ್ಪೆಯ ಕಡಲಿನಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಬೀಸುವ ಮೆಲುಗಾಳಿ ಮಧ್ಯಾಹ್ನದ ಹೊತ್ತಿಗೆ ನಿಂತು, ಪಡುವಣದಿಂದ ಕಡಲಗಾಳಿ ಬಿರುಸಾಗಿ ಏಳುತ್ತದೆ. ಆದ್ದರಿಂದ ಒಂದೇ ದಿನದಲ್ಲಿ ಹಾಯಿಗಳನ್ನು ಎರಡು ಬಗೆಯಲ್ಲಿ ಹೊಂದಿಸಬೇಕಾಗುತ್ತದೆ. ಆದರೆ ಹಾಯಿಕಂಬವೇ ಒಂದು ಬದಿಗೆ ವಾಲಿದ್ದರೆ ಹಾಯಿಯನ್ನು ಎಷ್ಟು ನಾಜೂಕಾಗಿ ಎಳೆದರೂ ದೋಣಿ ಒಂದು ಮಗ್ಗುಲಿಗೆ ಚೆನ್ನಾಗಿ ಓಡಿ ಇನ್ನೊಂದು ಮಗ್ಗುಲಿಗೆ ತಡವರಿಸುತ್ತದೆ.

ಕಂಬವನ್ನು ನಿಲ್ಲಿಸುವ ಕೆಲಸಕ್ಕೆ ಗುರುಪುರ ನದಿಯ ಅಳಿವೆಯ ಒಳಗಿನ ತಿಳಿನೀರು, ಗಾಳಿಯಿಲ್ಲದ ಮುಂಜಾನೆ ಒಳ್ಳೆಯದು. ದೊಡ್ಡ ಹಾಯಿಯನ್ನು ಏರಿಸುವ ಹಗ್ಗದ ತುದಿಯನ್ನು ಕಂಬವನ್ನು ಎರಡೂ ಬದಿಯಿಂದ ಎಳೆದು ಹಿಡಿದ ತಂತಿಗಳ ಬುಡಕ್ಕೆ ತಂದು ಅಳೆದಾಗ ಅಳತೆ ಸಮವಾಗಿದ್ದರೆ ಕಂಬದ ತುದಿ ನಡುವಿನಲ್ಲಿದೆ ಎಂದು ತಿಳಿಯಬೇಕು. ಕಂಬ ಹಿಂದಕ್ಕೆ ಹೆಚ್ಚು ಬಾಗಿದ್ದರೆ ದೋಣಿ ಗಾಳಿಯತ್ತ ತಿರುಗಲು ಹವಣಿಸುತ್ತದೆ. ಚುಕ್ಕಾಣಿಯಲ್ಲಿ ತುಸು ಎಳೆತ ಬೇಕು, ತೋಳು ಸೋಲುವಷ್ಟು ಬೇಡ. ಬಿಗಿತವನ್ನು ಅಳೆಯಲು ಒಂದು ಸರಳ ಉಪಾಯವಿದೆ. 19 ಎಳೆಗಳ ಸ್ಟೇನ್‌ಲೆಸ್ ತಂತಿ ಸಡಿಲವಿರುವಾಗಲೇ ಅದರ ಮೇಲೆ 2 ಮೀಟರ್ ಗುರುತು ಮಾಡಿಕೊಂಡರೆ, ಬಿಗಿಸುತ್ತ ಹೋದಂತೆ ಆ ಉದ್ದ 1 ಮಿಲಿಮೀಟರ್ ಹಿಗ್ಗಿದಾಗ ತಂತಿಯ ಮೇಲೆ ಅದು ತುಂಡಾಗುವ ಭಾರದ ಸುಮಾರು ಶೇಕಡಾ 5 ಬಿದ್ದಿರುತ್ತದೆ. 3 ಮಿಲಿಮೀಟರ್, ಅಂದರೆ ಶೇಕಡಾ 15, ಕಂಬದ ತುದಿಯತ್ತ ಹೋಗುವ ಮೇಲಿನ ತಂತಿಗಳಿಗೆ ಒಳ್ಳೆಯ ಆರಂಭ. ದೋಣಿಯ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಬೇಕು.

ನಿಜವಾದ ಪರೀಕ್ಷೆ ನಡೆಯುವುದು ಗಾಳಿಗೆ ಎದುರಾಗಿ ಓಡುವಾಗ. ಗಾಳಿಮರೆಯ ಬದಿಯ, ಅಂದರೆ ಗಾಳಿ ಬೀಸುವ ಕಡೆಗೆ ಎದುರಿನ ಮಗ್ಗುಲಿನ, ತಂತಿ ಕೊಂಚ ಸಡಿಲವಾದರೆ ತೊಂದರೆಯಿಲ್ಲ, ಜೋತಾಡಬಾರದು. ಜೋತಾಡಿದರೆ ಆ ಬದಿಯ ಟರ್ನ್‌ಬಕಲ್ಲನ್ನೇ (ತಂತಿಯನ್ನು ಬಿಗಿಸುವ ತಿರುಪು) ಸುತ್ತು ಎಣಿಸಿಕೊಂಡು ತಿರುಗಿಸಿ, ದೋಣಿಯ ಮಗ್ಗುಲು ಬದಲಿಸಿದ ಮೇಲೆ ಇನ್ನೊಂದನ್ನೂ ಅಷ್ಟೇ ಸುತ್ತು ತಿರುಗಿಸಬೇಕು. ಗಾಳಿಯ ಬದಿಯ ಟರ್ನ್‌ಬಕಲ್ ಪೂರ್ತಿ ಭಾರ ಹೊತ್ತಿರುವುದರಿಂದ ಅದನ್ನು ಮುಟ್ಟಬಾರದು. ತಿರುಪಿನ ಸ್ಟೇನ್‌ಲೆಸ್ ಸುರುಳಿಗಳು ಒಂದಕ್ಕೊಂದು ಕಚ್ಚಿಕೊಂಡರೆ ಬಿಡಿಸುವುದು ಕಷ್ಟ. ಕೆನ್ನೆಯನ್ನು ಕಂಬಕ್ಕೆ ತಾಗಿಸಿ, ಹಾಯಿ ಜಾರುವ ಕಾಲುವೆಯ ಗುಂಟ ಮೇಲಕ್ಕೆ ನೋಡಿ: ತುದಿ ಗಾಳಿಮರೆಗೆ ಬಾಗಿದ್ದರೆ ಮೇಲಿನ ತಂತಿ ಸಡಿಲ, ನಡು ಬಾಗಿದ್ದರೆ ಅದನ್ನು ಹಿಡಿದ ಕೆಳಗಿನ ತಂತಿ ಸಡಿಲ. ಕೊನೆಗೆ ಟರ್ನ್‌ಬಕಲ್ ತಾನಾಗಿ ತಿರುಗದಂತೆ ತಡೆಯುವ ಪಿನ್ನುಗಳನ್ನು ಹಾಕಲು ಮರೆಯಬಾರದು.

ಮುಂದಿನ ಹಾಯಿಯ ಅಂಚಿಗೆ ಅಂಟಿಸಿದ ಉಣ್ಣೆಯ ಎಳೆಗಳು ಎರಡೂ ಬದಿಯಲ್ಲಿ ನೇರವಾಗಿ ಹಿಂದಕ್ಕೆ ಹರಿಯಬೇಕು. ಗಾಳಿಯ ಬದಿಯ ಎಳೆ ಕುಣಿದರೆ ಹಾಯಿಯನ್ನು ಎಳೆಯಬೇಕು, ಮರೆಯ ಬದಿಯದು ಕುಣಿದರೆ ಸಡಿಲಿಸಬೇಕು. ಗಾಳಿಯ ಬದಿಯಲ್ಲಿ ಮೇಲಿನ ಎಳೆ ಮೊದಲು ಕುಣಿದರೆ ಆ ಹಾಯಿಯನ್ನು ಎಳೆಯುವ ಹಗ್ಗದ ಕಪ್ಪಿಯನ್ನು ಮುಂದಕ್ಕೂ, ಕೆಳಗಿನದು ಕುಣಿದರೆ ಹಿಂದಕ್ಕೂ ಸರಿಸಬೇಕು. ದೊಡ್ಡ ಹಾಯಿಯಲ್ಲಿ ಮೇಲ್ತುದಿಯ ಬಿಗಿಪಟ್ಟಿ ಬೂಮ್‌ಗೆ (ಹಾಯಿಯ ಬುಡದ ಅಡ್ಡಕಂಬ) ಸರಿಸುಮಾರು ಸಮಾನಾಂತರವಾಗಿರಲಿ.

ಮೆಲುಗಾಳಿಗೆ ಹಾಯಿಯ ಉಬ್ಬು ಬೇಕು. ಕಡಲಗಾಳಿ ಏರಿದಾಗ ಕಂಬದ ತುದಿಯನ್ನು ದೋಣಿಯ ಹಿಂಭಾಗಕ್ಕೆ ಕಟ್ಟಿದ ಹಿಂದಿನ ತಂತಿಯನ್ನು ಬಿಗಿಸಿದರೆ ಕಂಬ ಬಾಗಿ ದೊಡ್ಡ ಹಾಯಿ ಚಪ್ಪಟೆಯಾಗುತ್ತದೆ, ಮುಂದಿನ ತಂತಿಯೂ ನೆಟ್ಟಗಾಗಿ ಮುಂದಿನ ಹಾಯಿ ಹದಕ್ಕೆ ಬರುತ್ತದೆ. ಆ ಗಾಳಿ ದೋಣಿಯನ್ನು ದಡದತ್ತಲೇ ತಳ್ಳುವುದರಿಂದ, ಮಂಗಳೂರಿನ ತಣ್ಣೀರುಬಾವಿ ಕಡಲತೀರದ ತೆರೆಗಳಿಂದ ದೂರ ಸರಿಯಲು ಗಾಳಿಗೆ ಎದುರಾಗಿ ಏರುವ ಈ ಶಕ್ತಿಯೇ ಬೇಕಾಗುತ್ತದೆ.