ಲೆಕ್ಕ ಕೇಳಿದವರನ್ನು ಕೋರಹನ ಗುಂಪಿಗೆ ಸೇರಿಸಬಹುದೇ?

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರದ ಒಂದು ಸಣ್ಣ ಸಭೆ. ಸುಗ್ಗಿ ಹಬ್ಬದ ಕಾಣಿಕೆಯ ಲೆಕ್ಕ ಕೇಳುತ್ತಾ ಕೆಲವು ಕುಟುಂಬಗಳು ಗುಂಪು ಕಟ್ಟಿಕೊಂಡಿವೆ, ಈಗ ಸಭಾಪಾಲಕರ ಅಧಿಕಾರವನ್ನೇ ಪ್ರಶ್ನಿಸುತ್ತಿವೆ. ಇದು ಕೋರಹನ ದಂಗೆಯಂಥದ್ದು, ಇವರನ್ನು ಹೊರಗಿಡಬೇಕು ಎಂದು ಕಮಿಟಿಯಲ್ಲಿ ಕೆಲವರು ಹೇಳುತ್ತಾರೆ. ಹಿರಿಯನಾಗಿ ನಾನೇನು ಮಾಡಬೇಕು?

ಉತ್ತರ: ಮೋಶೆ ಮತ್ತು ಆರೋನರ ಅಧಿಕಾರಕ್ಕೆ ಎದುರುಬಿದ್ದ ಕೋರಹನ ಹೆಸರನ್ನು ಎತ್ತುವವರು ಬೈಬಲಿನ ಅರಣ್ಯಕಾಂಡದ 16ನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಬೇಕು. ಭೂಮಿ ಬಾಯಿ ತೆರೆದು ದಂಗೆಯೆದ್ದವರನ್ನು ನುಂಗಿದ ಸಂಗತಿ ಎಲ್ಲರಿಗೂ ನೆನಪಿರುತ್ತದೆ, ಅದಕ್ಕೆ ಮುಂಚೆ ಮೋಶೆ ನಡೆದುಕೊಂಡ ರೀತಿ ನೆನಪಿರುವುದಿಲ್ಲ. ಕೋರಹ, ದಾತಾನ್, ಅಬೀರಾಮರು 250 ಮುಖಂಡರನ್ನು ಕೂಡಿಸಿಕೊಂಡು ಎದುರು ನಿಂತಾಗ ಮೋಶೆ ಮೊದಲು ಅಡ್ಡಬಿದ್ದನು. ತೀರ್ಪನ್ನು ತಾನು ಕೊಡದೆ ಮರುದಿನಕ್ಕೆ, ದೇವರಿಗೆ ಬಿಟ್ಟನು. ದಾತಾನ್ ಮತ್ತು ಅಬೀರಾಮರಿಗೆ ಹೇಳಿಕಳುಹಿಸಿದಾಗ ಅವರು ಬರುವುದಿಲ್ಲವೆಂದರು; ಕಡೆಗೆ ಅವನೇ ಎದ್ದು ಅವರಿದ್ದಲ್ಲಿಗೆ ಹೋದನು. ಅವನಿಗೆ ಸಿಟ್ಟು ಬರಲಿಲ್ಲವೆಂದಲ್ಲ, ಬಹಳವಾಗಿಯೇ ಬಂತು. ಆದರೆ ಆ ಸಿಟ್ಟಿನಲ್ಲೂ ಅವನು ದೇವರ ಮುಂದೆ ಹೇಳಿಕೊಳ್ಳಬಲ್ಲವನಾಗಿದ್ದ ಮಾತೊಂದಿತ್ತು: ಇವರಿಂದ ಒಂದು ಕತ್ತೆಯನ್ನು ಸಹ ನಾನು ತೆಗೆದುಕೊಂಡಿಲ್ಲ. ಹಣದ ವಿಷಯದಲ್ಲಿ ಈ ಮಾತನ್ನು ಹೇಳಲಾಗದ ಮುಂದಾಳು ಕೋರಹನ ಕಥೆಯನ್ನು ತನ್ನ ಪರವಾಗಿ ಬಳಸಿಕೊಳ್ಳುವಂತಿಲ್ಲ ಎಂಬುದು ನನ್ನ ಅಭಿಪ್ರಾಯ.

ಭೂಮಿ ಅವರನ್ನು ನುಂಗಿದ ಮರುದಿನ ನಡೆದದ್ದು ಇನ್ನೂ ಗಮನಿಸತಕ್ಕದ್ದು. ಜನರು ಮತ್ತೆ ಗೊಣಗಿದರು, ವ್ಯಾಧಿ ಹಬ್ಬಿತು, 14,700 ಮಂದಿ ಸತ್ತರು. ಆಗ ಧೂಪಾರತಿಯನ್ನು ತೆಗೆದುಕೊಂಡು ಬೇಗ ಹೋಗೆಂದು ತನ್ನ ಅಣ್ಣನಾದ ಯಾಜಕ ಆರೋನನನ್ನು ಕಳುಹಿಸಿದವನು ಅದೇ ಮೋಶೆ. ಯಾರ ಯಾಜಕತ್ವವನ್ನು ಜನ ತಿರಸ್ಕರಿಸಿದ್ದರೋ ಆ ಆರೋನನು ಓಡಿಹೋಗಿ, ಸತ್ತವರಿಗೂ ಬದುಕಿರುವವರಿಗೂ ನಡುವೆ ನಿಂತನು.

ಆದ್ದರಿಂದ ನಿಮ್ಮ ಮುಂದಿರುವ ಮೊದಲ ಪ್ರಶ್ನೆ ಶಿಕ್ಷೆಯದಲ್ಲ. ಇದು ದಂಗೆಯೋ ಅಹವಾಲೋ ಎಂಬುದು. ಯೆರೂಸಲೇಮಿನಲ್ಲಿ ಗ್ರೀಕ್ ಮಾತಾಡುವ ಯೆಹೂದ್ಯರು, ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗೊಣಗಿದಾಗ (ಅಪೊಸ್ತಲರ ಕೃತ್ಯಗಳು 6), ಹನ್ನೆರಡು ಮಂದಿ ಅಪೊಸ್ತಲರು ಅದನ್ನು ತಮ್ಮ ಅಧಿಕಾರಕ್ಕೆ ಬಂದ ಕುತ್ತೆಂದು ಎಣಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಸಭೆಗೇ ಹೇಳಿದರು. ಆರಿಸಲ್ಪಟ್ಟ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರು ತಂದ ಕಡೆಯವರ ಕೈಗೇ ಹಂಚಿಕೆ ಹೋಯಿತೆಂದು ಇದರಿಂದ ಊಹಿಸಬಹುದು.

ಅಹವಾಲನ್ನು ದಂಗೆಯನ್ನಾಗಿ ಮಾಡಿದವನು ಸೊಲೊಮೋನನ ಮಗ, ಅರಸ ರೆಹಬ್ಬಾಮ. ಶೆಕೆಮಿನಲ್ಲಿ ಜನರು ನೊಗವನ್ನು ಹಗುರ ಮಾಡೆಂದು ಕೇಳಿದರು, ಹಾಗೆ ಮಾಡಿದರೆ ಸೇವೆ ಮಾಡುತ್ತೇವೆಂದೂ ಹೇಳಿದರು. ಅವನು ಹಿರಿಯರ ಬುದ್ಧಿವಾದವನ್ನು ಬದಿಗಿಟ್ಟು, ಒಡನಾಡಿಗಳ ಮಾತು ಕೇಳಿ ಗದರಿಸಿದನು. ಹತ್ತು ಕುಲಗಳು ಹೊರಟುಹೋದವು. ಸೈನ್ಯ ಕೂಡಿಸಿದಾಗಲೂ, ಸಹೋದರರ ಮೇಲೆ ಯುದ್ಧಕ್ಕೆ ಹೋಗಬೇಡಿರೆಂದು ಪ್ರವಾದಿ ಶೆಮಾಯನ ಮೂಲಕ ಬಂದ ದೇವರ ಮಾತು ಅವನನ್ನು ತಡೆಯಿತು. ನಮ್ಮ ಮೈಸೂರು ಸೀಮೆಯ ಚರಿತ್ರೆ ಓದಿದವರಿಗೆ ಇದು ತೀರ ಹೊಸದೆನಿಸದು. ಮಲೆನಾಡಿನ ನಗರ ಸೀಮೆಯಲ್ಲಿ ನಡೆದ 1830–31ರ ದಂಗೆಯಲ್ಲಿ ರೈತರು ಕೂಟ ಕಟ್ಟಿದ್ದಕ್ಕೆ ಕಂದಾಯದ ಹೊರೆಯೂ ಅಧಿಕಾರಿಗಳ ಕಿರುಕುಳವೂ ಮುಖ್ಯ ಕಾರಣಗಳಾಗಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಆಡಳಿತವನ್ನು ತೆಗೆದುಕೊಂಡಿತು, ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.

ಹಾಗೆಂದು ಸುಮ್ಮನಿರುವುದೇ ಸಾತ್ವಿಕತೆ ಎಂದು ತಿಳಿಯಬಾರದು. ದಾವೀದನು ಶಿಮ್ಮಿಯ ಶಾಪವನ್ನು ಸಹಿಸಿದ್ದನ್ನು ನಾವು ಮೆಚ್ಚುತ್ತೇವೆ, ಮೆಚ್ಚತಕ್ಕದ್ದೇ. ಆದರೆ ತನ್ನ ಮಗಳು ತಾಮಾರಳಿಗೆ ತನ್ನ ಮಗ ಅಮ್ನೋನನಿಂದಾದ ಅನ್ಯಾಯಕ್ಕೆ ಅವನು ಸಿಟ್ಟಾದನೇ ಹೊರತು ಏನನ್ನೂ ಮಾಡಲಿಲ್ಲ. ಅದಕ್ಕಾಗಿ ಅಮ್ನೋನನನ್ನು ಕೊಲ್ಲಿಸಿ ಓಡಿಹೋಗಿದ್ದ ಇನ್ನೊಬ್ಬ ಮಗ ಅಬ್ಷಾಲೋಮನು ಯೆರೂಸಲೇಮಿಗೆ ಮರಳಿದ ಮೇಲೂ ಎರಡು ವರ್ಷ ಅವನ ಮುಖ ನೋಡಲಿಲ್ಲ. ಅದೇ ಮಗನು ಮುಂದೆ ಊರಬಾಗಿಲಲ್ಲಿ ನಿಂತು, ನಿಮ್ಮ ವ್ಯಾಜ್ಯ ಕೇಳಲು ಅರಸನ ಕಡೆಯಿಂದ ಯಾರೂ ಇಲ್ಲವೆಂದು ಬಂದವರಿಗೆಲ್ಲ ಹೇಳುತ್ತಾ ಜನರ ಮನಸ್ಸನ್ನು ಕದ್ದನು. ಕೇಳುವವರಿಲ್ಲದ ಕಡೆ ಅಬ್ಷಾಲೋಮನಿಗೆ ಕೆಲಸ ಸುಲಭ.

ನಿಮ್ಮ ಸಭೆಯಲ್ಲಿ ಹಾಗಾದರೆ ಮೊದಲು ಆಗಬೇಕಾದದ್ದು ಲೆಕ್ಕವನ್ನು ಓದುವುದು, ರಸೀದಿಗಳೊಡನೆ, ಎಲ್ಲರೆದುರಿಗೆ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ ಪೌಲನೇ ತನ್ನ ಮೇಲೆ ಯಾರೂ ತಪ್ಪು ಹೊರಿಸದಂತೆ ಸಭೆಗಳು ನೇಮಿಸಿದವನನ್ನು ಜೊತೆಗಿಟ್ಟುಕೊಂಡನು (2 ಕೊರಿಂಥ 8). ಅಪೊಸ್ತಲನಿಗೆ ಇಲ್ಲದ ವಿನಾಯಿತಿ ಕಮಿಟಿಗೆ ಎಲ್ಲಿಂದ ಬರಬೇಕು? ದೂರು ಸಭಾಪಾಲಕರ ಮೇಲೇ ಇದ್ದರೆ ಆ ಕೂಟಕ್ಕೆ ಅವರು ಅಧ್ಯಕ್ಷರಾಗುವುದು ತರವಲ್ಲ. 1 ತಿಮೊಥೆಯ 5 ಹಿರಿಯರಿಗೆ ರಕ್ಷಣೆಯನ್ನೂ ಕೊಡುತ್ತದೆ, ಹೊಣೆಯನ್ನೂ ಹೊರಿಸುತ್ತದೆ: ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಅವರ ಮೇಲಿನ ದೂರನ್ನು ಸ್ವೀಕರಿಸಬಾರದು, ತಪ್ಪು ನಿಜವಾದರೆ ಎಲ್ಲರ ಮುಂದೆ ಗದರಿಸಬೇಕು.

ಲೆಕ್ಕ ತೋರಿಸಿದ ಮೇಲೂ ಮನೆಮನೆಗೆ ಹೋಗಿ ಚಾಡಿ ಹೇಳುತ್ತಾ ಸಭೆಯನ್ನು ಒಡೆಯುವವರಿದ್ದರೆ, ಮತ್ತಾಯ 18ರ ಕ್ರಮದಂತೆ ಒಬ್ಬರೇ ಹೋಗಿ ಮಾತಾಡಿ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಅದರ ನಂತರ ಸಭೆಗೆ ತಿಳಿಸಿ. ಬೇರ್ಪಡಿಸುವ ಮಾತು ಬರುವುದು ಅಲ್ಲಿಯೂ ಒಪ್ಪದಿದ್ದಾಗ ಮಾತ್ರ. ಆ ಹಂತ ಬಂದರೂ, ಅವರ ಮನೆಯಲ್ಲಿ ಸಾವು ನೋವು ಸಂಭವಿಸಿದರೆ ಪ್ರಾರ್ಥನೆಗೆ ಹೋಗುವುದನ್ನು ಹಿರಿಯರು ನಿಲ್ಲಿಸಬಾರದು. ಪಶ್ಚಾತ್ತಾಪಪಟ್ಟು ಬಂದವರನ್ನು ಮರಳಿ ಸೇರಿಸಿಕೊಳ್ಳುವ ನಿರ್ಣಯವನ್ನು ಕಮಿಟಿ, ಬೇರ್ಪಡಿಸಿದ ನಿರ್ಣಯವನ್ನು ಬರೆದ ಅದೇ ಪುಸ್ತಕದಲ್ಲಿ ಬರೆಯಬೇಕು.